ಮಣ್ಣಿನ ಮದ್ದು ಯಾರ ಸ್ವತ್ತು?

ಮುಂಗಾರಿನ ಮೊದಲ ಹನಿಗಳು ಬಿದ್ದೊಡನೆ ನೆಲದಿಂದ ಮೇಲೇಳುವ ಪರಿಮಳವನ್ನು ಅರಿಯದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಾಗಲಿ, ಕೃಷ್ಣರಾಜನಗರದ ನಾಲೆಗಳ ಕೆಳಗಣ ಗದ್ದೆಬಯಲಿನಲ್ಲಾಗಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಕೆಮ್ಮಣ್ಣಿನಲ್ಲಾಗಲಿ, ಆ ಪರಿಮಳವು ಒಂದೇ. ಅದು ಮಳೆಯ ನೀರಿನದಲ್ಲ. ಮಣ್ಣಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಜೀವಿಗಳದು. ಸ್ಟ್ರೆಪ್ಟೊಮೈಸಿಸ್ ಎಂಬ ಕುಲಕ್ಕೆ ಸೇರಿದ ಈ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಗಳೇ ಆದರೂ ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆಯುತ್ತವೆ. ಅವು ಹೊರಸೂಸುವ ಆ ಗಂಧದ್ರವ್ಯವನ್ನು ೧೯೬೫ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ನ್ಯಾನ್ಸಿ ಗರ್ಬರ್ ಎಂಬ ವಿದುಷಿಯೂ ಹ್ಯೂಬರ್ಟ್ ಲಶವಲ್ಯೇ ಎಂಬವರೂ ಬೇರ್ಪಡಿಸಿ, ಗ್ರೀಕ್ ಭಾಷೆಯಲ್ಲಿ ನೆಲದ ವಾಸನೆ ಎಂಬ ಅರ್ಥ ಬರುವಂತೆ ಅದಕ್ಕೆ ಜಿಯೋಸ್ಮಿನ್ ಎಂದು ಹೆಸರಿಟ್ಟರು.

ಈ ಜೀವಿಗಳು ಪರಿಮಳವನ್ನು ಮಾತ್ರವಲ್ಲದೆ ಮದ್ದನ್ನೂ ತಯಾರಿಸುತ್ತವೆ. ಒಂದು ಚಿಟಿಕೆ ಮಣ್ಣಿನಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ಆಹಾರಕ್ಕಾಗಿ ಹೋರಾಡುತ್ತಿರುವುವಷ್ಟೆ. ಆ ಹೋರಾಟದಲ್ಲಿ ನೆರೆಯ ಜೀವಿಗಳ ಬೆಳವಣಿಗೆಯನ್ನು ತಡೆಯುವುದಕ್ಕೆಂದು ಸ್ಟ್ರೆಪ್ಟೊಮೈಸಿಸ್ ಜೀವಿಗಳು ಕೆಲವು ರಸಗಳನ್ನು ಸ್ರವಿಸುತ್ತವೆ. ಮನುಷ್ಯನು ಅವುಗಳನ್ನು ಶುದ್ಧಿಮಾಡಿ ರೋಗಾಣುಗಳ ಮೇಲೆ ಪ್ರಯೋಗಿಸಲು ಕಲಿತಾಗ ಅವಕ್ಕೆ ಪ್ರತಿಜೈವಿಕಗಳು, ಎಂದರೆ ಆಂಟಿಬಯೋಟಿಕ್‌ಗಳು, ಎಂಬ ಹೆಸರು ಬಂದಿತು. ಕ್ಷಯರೋಗವನ್ನು ಗೆದ್ದ ಸ್ಟ್ರೆಪ್ಟೊಮೈಸಿನ್, ಬೂಷ್ಟುರೋಗಗಳನ್ನು ಗೆದ್ದ ನಿಸ್ಟಾಟಿನ್, ನಮ್ಮ ಮೈಸೂರಿನ ವಿದ್ವಾಂಸರೊಬ್ಬರ ಹೆಸರಿನೊಡನೆ ಕೂಡಿಕೊಂಡಿರುವ ಹ್ಯಾಮೈಸಿನ್, ಈ ಮೂರೂ ಮಣ್ಣಿನಿಂದಲೇ ದೊರೆತವು.

ಮಣ್ಣಿಗೆ ಒಡೆಯನು ದೇವರು ಎಂದು ಹಿರಿಯರು ಹೇಳುವುದುಂಟು. ಹಾಗಾದರೆ ಮಣ್ಣಿನಿಂದ ತೆಗೆದ ಮದ್ದಿಗೆ ಒಡೆಯರು ಯಾರು? ಅದನ್ನು ಮೊದಲು ಕಂಡವರೇ? ಅವರಿಗೆ ಸಂಬಳ ಕೊಟ್ಟ ಸಂಸ್ಥೆಯೇ? ಅದನ್ನು ತಯಾರಿಸಿ ಮಾರುವ ಕಾರ್ಖಾನೆಯೇ? ಅಥವಾ ರೋಗದಿಂದ ನರಳುವ ಜನರೇ? ಮೇಲೆ ಹೇಳಿದ ಮೂರು ಮದ್ದುಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಅವುಗಳನ್ನು ಕ್ರಮವಾಗಿ ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಪೇಟೆಂಟ್ ಎಂದರೇನು?

ಹೊಸದಾದ, ಉಪಯುಕ್ತವಾದ ಒಂದು ಕಲ್ಪನೆಯನ್ನು ಕಂಡುಹಿಡಿದವನು ಅದರ ಗುಟ್ಟನ್ನು ಬಚ್ಚಿಡದೆ ಸರ್ಕಾರದ ಮುಂದೆ ಬರೆದು ಒಪ್ಪಿಸಿದರೆ, ಅದಕ್ಕೆ ಪ್ರತಿಯಾಗಿ ಸರ್ಕಾರವು ಒಂದು ನಿಯತ ಕಾಲದವರೆಗೆ ಆ ಕಲ್ಪನೆಯನ್ನು ಇತರರು ಅನುಮತಿಯಿಲ್ಲದೆ ಬಳಸದಂತೆ ತಡೆಯುವ ಹಕ್ಕನ್ನು ಕೊಡುತ್ತದೆ. ಈ ಹಕ್ಕಿನ ಸನ್ನದಿಗೆ ಪೇಟೆಂಟ್ ಎಂದು ಹೆಸರು. ಕಾಲವು ಮುಗಿದ ಮೇಲೆ ಆ ಕಲ್ಪನೆಯು ಸರ್ವರ ಸ್ವತ್ತಾಗುತ್ತದೆ. ನಮ್ಮ ದೇಶದಲ್ಲಿ ಇಂತಹ ಕಾನೂನು ಮೊದಲು ಬಂದುದು ೧೮೫೬ರಲ್ಲಿ. ಈಗ ನಡೆಯುತ್ತಿರುವುದು ೧೯೭೦ರ ಕಾಯಿದೆ. ಅದರಂತೆ ಪೇಟೆಂಟಿನ ಅವಧಿಯು ಇಂದು ೨೦ ವರ್ಷ.

ಪೇಟೆಂಟು ಒಂದು ಬಗೆಯ ಆಸ್ತಿ. ಆಸ್ತಿಯೆಂದ ಮೇಲೆ ಅದು ಕೈಯಿಂದ ಕೈಗೆ ಹೋಗಬಲ್ಲದು. ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಜಮೀನಿನ ಪೂರ್ವಾಪರವನ್ನು ವಿಚಾರಿಸುವವರು ಏನೇನು ನೋಡುತ್ತಾರೆಂಬುದನ್ನು ನಮ್ಮ ಬಾಲಿಕೆಯರು ತಮ್ಮ ತಮ್ಮ ಮನೆಗಳಲ್ಲಿ ಕೇಳಿ ತಿಳಿದಿರಬಹುದು. ಮೂಲಪತ್ರದಲ್ಲಿ ಯಾರ ಹೆಸರಿದೆ, ಅವರು ಯಾರಿಗೆ ಕ್ರಯಮಾಡಿದರು, ಖಾತೆಯು ಎಂದು ಬದಲಾಯಿತು, ಜಮೀನಿನ ಮೇಲೆ ಯಾವ ಋಣಭಾರವುಂಟು, ಗುತ್ತಿಗೆಯ ಕರಾರು ಏನು, ಈ ಪ್ರಶ್ನೆಗಳಿಗೆ ಉತ್ತರ ದೊರೆತಾಗಲೇ ನಿಜವಾದ ಒಡೆಯರು ಯಾರೆಂಬುದು ತಿಳಿಯುತ್ತದೆ. ಪೇಟೆಂಟಿನ ಒಡೆತನವನ್ನು ಹುಡುಕುವ ದಾರಿಯೂ ಇದೇ. ಕಲ್ಪನೆಯನ್ನು ಕಂಡುಹಿಡಿದವರು ಕಾಡನ್ನು ಕಡಿದು ಹೊಲ ಮಾಡಿದವರಂತೆ. ಅವರಿಂದ ಹಕ್ಕನ್ನು ಬರೆಯಿಸಿಕೊಂಡವರು ಕ್ರಯಕ್ಕೆ ಕೊಂಡವರಂತೆ. ಒಡೆಯರ ಅನುಮತಿಯಿಂದ ಮದ್ದನ್ನು ತಯಾರಿಸುವ ಕಾರ್ಖಾನೆಯವರು ಗುತ್ತಿಗೆದಾರರಂತೆ. ಅವರು ಸಲ್ಲಿಸುವ ರಾಯಧನವೇ ಗುತ್ತಿಗೆಯ ಹಣ. ಹೊಲ ಮಾಡಿದವರೂ ಹೊಲದ ಒಡೆಯರೂ ಒಬ್ಬರೇ ಆಗಿರಬೇಕೆಂಬ ನಿಯಮವಿಲ್ಲವಷ್ಟೆ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆಗಳು ಸುಲಭವಾಗಿ ತಿಳಿಯುತ್ತವೆ.

ಮೊದಲನೆಯ ಮದ್ದು: ಸ್ಟ್ರೆಪ್ಟೊಮೈಸಿನ್

ಮೈಸೂರು ನಗರದಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆರೋಗ್ಯಧಾಮವಿರುವುದು ನಮ್ಮ ನಾಲ್ಕು ತಾಲ್ಲೂಕುಗಳ ಜನರಿಗೂ ತಿಳಿದ ಸಂಗತಿ. ನಾಲ್ವಡಿ ಕೃಷ್ಣರಾಜ ಒಡೆಯರವರು ಅದನ್ನು ೧೯೨೧ರಲ್ಲಿ ತಮ್ಮ ಸೋದರಿಯ ನೆನಪಿಗಾಗಿ ಸ್ಥಾಪಿಸಿದರು. ಆ ರಾಜಕುಮಾರಿಯೂ ಆಕೆಯ ಹೆಣ್ಣುಮಕ್ಕಳೂ ಕ್ಷಯಕ್ಕೆ ತುತ್ತಾಗಿದ್ದರು. ಅರಮನೆಯ ಐಶ್ವರ್ಯವಾಗಲಿ ವೈದ್ಯರ ಶ್ರದ್ಧೆಯಾಗಲಿ ಅವರನ್ನು ಉಳಿಸಲಾರದೆ ಹೋಯಿತು. ಏಕೆಂದರೆ ಆ ಕಾಲದಲ್ಲಿ ಕ್ಷಯಕ್ಕೆ ಮದ್ದೆಂಬುದೇ ಇರಲಿಲ್ಲ. ಶುದ್ಧವಾದ ಗಾಳಿ, ಪುಷ್ಟಿಕರವಾದ ಆಹಾರ, ವಿಶ್ರಾಂತಿ, ಇವಿಷ್ಟೇ ಚಿಕಿತ್ಸೆ. ಆ ಕೊರತೆಯನ್ನು ಮೊಟ್ಟಮೊದಲು ನೀಗಿದುದು ಸ್ಟ್ರೆಪ್ಟೊಮೈಸಿನ್.

ರಟ್ಗರ್ಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕೃಷಿ ಪ್ರಯೋಗಶಾಲೆಯಲ್ಲಿ ಸೆಲ್ಮನ್ ವಾಕ್ಸ್‌ಮನ್ ಎಂಬ ಪ್ರಾಧ್ಯಾಪಕರು ಮಣ್ಣಿನ ಜೀವಿಗಳನ್ನು ಕುರಿತು ಬಹುಕಾಲದಿಂದ ವ್ಯಾಸಂಗ ಮಾಡುತ್ತಿದ್ದರು. ೧೯೪೩ರಲ್ಲಿ ಸೈನ್ಯದಿಂದ ಬಿಡುಗಡೆ ಹೊಂದಿ ಬಂದ ಆಲ್ಬರ್ಟ್ ಶಾಟ್ಜ್ ಎಂಬ ಇಪ್ಪತ್ತಮೂರು ವರ್ಷದ ವಿದ್ಯಾರ್ಥಿಯು ಅವರ ಕೈಕೆಳಗೆ ತಿಂಗಳಿಗೆ ೪೦ ಡಾಲರುಗಳ ವೇತನದ ಮೇಲೆ ನೆಲಮಾಳಿಗೆಯ ಕೊಠಡಿಯೊಂದರಲ್ಲಿ ಕೆಲಸಕ್ಕೆ ತೊಡಗಿದನು. ಆ ವರ್ಷದ ಅಕ್ಟೋಬರ್ ೧೯ನೆಯ ದಿನ ಅವನು ಸ್ಟ್ರೆಪ್ಟೊಮೈಸಿಸ್ ಗ್ರಿಸಿಯಸ್ ಎಂಬ ಜೀವಿಯ ಎರಡು ತಳಿಗಳನ್ನು ಬೇರ್ಪಡಿಸಿ ತನ್ನ ದಿನಚರಿಯಲ್ಲಿ ಗುರುತು ಹಾಕಿಕೊಂಡನು. ಅವುಗಳಲ್ಲಿ ಒಂದು ಗೊಬ್ಬರ ಹಾಕಿದ ಹೊಲದ ಮಣ್ಣಿನಿಂದಲೂ ಇನ್ನೊಂದು ಕೋಳಿಯೊಂದರ ಗಂಟಲಿನಿಂದಲೂ ಬಂದವು. ಇವುಗಳ ರಸವು ಕ್ಷಯದ ರೋಗಾಣುವನ್ನು ತಡೆಯಬಲ್ಲುದೆಂದು ಪರೀಕ್ಷೆಯಿಂದ ತಿಳಿಯಿತು. ೧೯೪೪ರ ಜನವರಿಯಲ್ಲಿ ಪ್ರಕಟವಾದ ಮೊದಲ ಪ್ರಬಂಧದಲ್ಲಿ ಶಾಟ್ಜ್, ಎಲಿಜಬೆತ್ ಬ್ಯೂಗಿ, ವಾಕ್ಸ್‌ಮನ್ ಎಂಬ ಮೂವರ ಹೆಸರುಗಳಿದ್ದವು. ಬ್ಯೂಗಿಯವರು ಅದೇ ಪ್ರಯೋಗಶಾಲೆಯ ವಿದ್ಯಾರ್ಥಿನಿ. ಬಗೆಬಗೆಯ ರೋಗಾಣುಗಳ ಮೇಲೆ ಮದ್ದಿನ ಬಲವನ್ನು ಪರೀಕ್ಷಿಸುವ ಕೆಲಸದಲ್ಲಿ ಭಾಗಿಯಾದವರು.

ಇನ್ನು ಕಾಗದಪತ್ರಗಳನ್ನು ನೋಡೋಣ. ೧೯೪೫ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದಾಗ ಅದರಲ್ಲಿ ಎರಡೇ ಹೆಸರುಗಳಿದ್ದವು, ವಾಕ್ಸ್‌ಮನ್ ಮತ್ತು ಶಾಟ್ಜ್. ಎಂದಾದರೊಂದು ದಿನ ಮದುವೆಯಾಗಿ ಸಂಸಾರ ಹೂಡುವ ಹುಡುಗಿಗೆ ಪೇಟೆಂಟಿನಲ್ಲಿ ಹೆಸರಿರುವುದು ಮುಖ್ಯವಲ್ಲವೆಂದು ತನಗೆ ಆಗ ಹೇಳಲಾಗಿತ್ತೆಂದು ಬ್ಯೂಗಿಯವರು ಬಹುಕಾಲದ ಮೇಲೆ ತಿಳಿಸಿದರು. ಆ ಕಂಡುಹಿಡಿಕೆಯಲ್ಲಿ ಅವರ ಪಾಲು ಎಷ್ಟೆಂಬ ವಿಷಯದಲ್ಲಿ ಅಭಿಪ್ರಾಯಭೇದವುಂಟು. ಆದರೆ ಪಾಲನ್ನು ತೂಗಬೇಕಾದುದು ಮಾಡಿದ ಕೆಲಸದಿಂದಲೇ ಹೊರತು ಮುಂದೆ ಆಗಬಹುದಾದ ಮದುವೆಯಿಂದಲ್ಲವೆಂಬುದರಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿಲ್ಲ.

ಅರ್ಜಿದಾರರು ಇಬ್ಬರಾದರೂ ಒಡೆತನವು ಅವರದಾಗಲಿಲ್ಲ. ಕೆಲವು ವರ್ಷಗಳ ಹಿಂದೆಯೇ ಪ್ರಯೋಗಶಾಲೆಯು ಮೆರ್ಕ್ ಎಂಬ ಔಷಧ ಕಂಪನಿಯಿಂದ ಸಹಾಯವನ್ನು ಪಡೆದು, ಅಲ್ಲಿ ದೊರೆಯುವ ಮದ್ದುಗಳ ಪೇಟೆಂಟು ಆ ಕಂಪನಿಗೆ ಸೇರತಕ್ಕದ್ದೆಂದು ಒಪ್ಪಂದ ಮಾಡಿಕೊಂಡಿತ್ತು. ಕ್ಷಯದಂತಹ ಮಹಾರೋಗದ ಮದ್ದು ಒಂದೇ ಕಂಪನಿಯ ಕೈಯಲ್ಲಿರುವುದು ಲೋಕಕ್ಕೆ ಹಿತವಲ್ಲವೆಂದು ವಾಕ್ಸ್‌ಮನ್‌ರು ಕೇಳಿಕೊಳ್ಳಲು, ಮೆರ್ಕ್ ಕಂಪನಿಯು ೧೯೪೬ರಲ್ಲಿ ತನ್ನ ಹಕ್ಕನ್ನು ಬಿಟ್ಟುಕೊಟ್ಟಿತು. ಇದು ಸಾಮಾನ್ಯವಾದ ಔದಾರ್ಯವಲ್ಲ. ಆ ಬಳಿಕ ಗುರುಶಿಷ್ಯರಿಬ್ಬರೂ ನಾಮಮಾತ್ರವಾಗಿ ಒಂದೊಂದು ಡಾಲರಿಗೆ ತಮ್ಮ ಹಕ್ಕನ್ನು ರಟ್ಗರ್ಸ್ ವಿಶ್ವವಿದ್ಯಾನಿಲಯದ ಸಂಶೋಧನ ನಿಧಿಗೆ ಬರೆದುಕೊಟ್ಟರು. ೧೯೪೮ರ ಸೆಪ್ಟೆಂಬರ್ ೨೧ರಂದು ೨೪,೪೯,೮೬೬ನೆಯ ಸಂಖ್ಯೆಯ ಅಮೆರಿಕದ ಪೇಟೆಂಟು ಹೊರಬಿತ್ತು. ಅನೇಕ ಕಂಪನಿಗಳು ನಿಧಿಯ ಅನುಮತಿ ಪಡೆದು ಮದ್ದನ್ನು ತಯಾರಿಸತೊಡಗಿದವು. ರಾಯಧನವು ಪ್ರವಾಹದಂತೆ ಹರಿದುಬಂದಿತು.

ಕಾಗದಗಳ ಈ ಸರಪಳಿಯಲ್ಲಿ ಕಾಣದ ಒಂದು ಕೊಂಡಿಯಿತ್ತು. ನಿಧಿಯು ತನಗೆ ಬಂದ ರಾಯಧನದಲ್ಲಿ ಐದನೆಯ ಒಂದು ಪಾಲನ್ನು ವಾಕ್ಸ್‌ಮನ್‌ರಿಗೆ ಕೊಡುತ್ತಿದ್ದಿತು. ಇಬ್ಬರಿಗೂ ಲಾಭವಿಲ್ಲವೆಂದು ನಂಬಿ ಸಹಿಮಾಡಿದ್ದ ಶಾಟ್ಜ್‌ರಿಗೆ ಇದು ತಿಳಿದೊಡನೆ ೧೯೫೦ರ ಮಾರ್ಚಿಯಲ್ಲಿ ಅವರು ನ್ಯಾಯಾಲಯದ ಮೆಟ್ಟಲನ್ನು ಹತ್ತಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜಿಯಾಯಿತು. ಶಾಟ್ಜ್‌ರು ಸಹಶೋಧಕರೆಂಬುದನ್ನು ಒಪ್ಪಿಕೊಂಡು, ರಾಯಧನದಲ್ಲಿ ಅವರಿಗೆ ನೂರಕ್ಕೆ ೩, ವಾಕ್ಸ್‌ಮನ್‌ರಿಗೆ ನೂರಕ್ಕೆ ೧೦ ಎಂದೂ, ಪ್ರಯೋಗಶಾಲೆಯಲ್ಲಿ ದುಡಿದ ಇತರರಿಗೆಲ್ಲ ಸೇರಿ ನೂರಕ್ಕೆ ೭ ಎಂದೂ ಗೊತ್ತುಮಾಡಲಾಯಿತು. ಆ ಏಳರಲ್ಲಿ ಬ್ಯೂಗಿಯವರಿಗೆ ಬಂದುದು ನೂರಕ್ಕೆ ೦.೨. ಮಿಕ್ಕ ದೊಡ್ಡ ಭಾಗವು ನಿಧಿಗೆ ಉಳಿಯಿತು. ಸ್ಟ್ರೆಪ್ಟೊಮೈಸಿನ್ನಿನ ಹಣದಿಂದಲೇ ರಟ್ಗರ್ಸ್‌ನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಒಂದು ದೊಡ್ಡ ಸಂಸ್ಥೆಯು ಎದ್ದಿತು. ೧೯೫೨ರಲ್ಲಿ ನೊಬೆಲ್ ಬಹುಮಾನವು ವಾಕ್ಸ್‌ಮನ್‌ರೊಬ್ಬರಿಗೇ ಬಂದಿತು. ಪ್ರಬಂಧದಲ್ಲಿ ಮೂವರು, ಪೇಟೆಂಟಿನಲ್ಲಿ ಇಬ್ಬರು, ಬಹುಮಾನದಲ್ಲಿ ಒಬ್ಬರು, ಒಡೆತನದಲ್ಲಿ ಈ ಮೂವರಲ್ಲಿ ಯಾರೂ ಅಲ್ಲ! ೧೯೯೪ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯವು ವೃದ್ಧರಾದ ಶಾಟ್ಜ್‌ರಿಗೆ ತನ್ನ ಪದಕವನ್ನಿತ್ತು ಗೌರವಿಸಿತು.

ಎರಡನೆಯ ಮದ್ದು: ನಿಸ್ಟಾಟಿನ್

ಸ್ಟ್ರೆಪ್ಟೊಮೈಸಿನ್ ಮೊದಲಾದ ಮದ್ದುಗಳು ಬ್ಯಾಕ್ಟೀರಿಯಗಳನ್ನು ಅಡಗಿಸುತ್ತಿದ್ದವೇ ಹೊರತು ಬೂಷ್ಟಿನ ಜಾತಿಯ ಶಿಲೀಂಧ್ರಗಳನ್ನಲ್ಲ. ಅಷ್ಟು ಮಾತ್ರವಲ್ಲದೆ, ಆ ಮದ್ದುಗಳಿಂದ ದೇಹದಲ್ಲಿದ್ದ ನಿರುಪದ್ರವಿಯಾದ ಬ್ಯಾಕ್ಟೀರಿಯಗಳೂ ಅಳಿಯಲು, ಅವುಗಳ ಜಾಗದಲ್ಲಿ ಶಿಲೀಂಧ್ರಗಳು ಹಬ್ಬಿ ಬಾಯಿಹುಣ್ಣು ಮುಂತಾದ ಬಾಧೆಗಳನ್ನು ಹುಟ್ಟಿಸುತ್ತಿದ್ದವು. ಇದಕ್ಕೆ ಪರಿಹಾರವನ್ನು ಕಂಡವರು ಇಬ್ಬರು ಮಹಿಳೆಯರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಇಬ್ಬರೂ ನ್ಯೂಯಾರ್ಕ್ ಸಂಸ್ಥಾನದ ಆರೋಗ್ಯ ಇಲಾಖೆಯ ನೌಕರರು. ಹೇಜನ್‌ರು ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದವರು. ಬ್ರೌನ್‌ರಿಗೆ ಕಾಲೇಜಿನ ಫೀಜು ಕೊಟ್ಟು ಓದಿಸಿದವರು ಅವರ ಅಜ್ಜಿಯ ಸ್ನೇಹಿತೆಯಾದ ಒಬ್ಬ ಅನುಕೂಲವಂತ ಮಹಿಳೆ.

ಹೇಜನ್‌ರು ನ್ಯೂಯಾರ್ಕ್ ನಗರದಲ್ಲಿದ್ದು ಊರೂರಿನ ಮಣ್ಣಿನಿಂದ ಜೀವಿಗಳನ್ನು ಬೆಳೆಸಿ, ಶಿಲೀಂಧ್ರವನ್ನು ತಡೆಯುವಂತಹವನ್ನು ಗಾಜಿನ ಭರಣಿಗಳಲ್ಲಿ ತುಂಬಿ ಆಲ್ಬನಿ ನಗರದಲ್ಲಿದ್ದ ಬ್ರೌನ್‌ರಿಗೆ ಅಂಚೆಯ ಮೂಲಕ ಕಳುಹಿಸುವರು. ರಸಾಯನಶಾಸ್ತ್ರಜ್ಞೆಯಾದ ಬ್ರೌನ್‌ರು ಅದರಿಂದ ಮದ್ದಿನ ಅಂಶವನ್ನು ಬೇರ್ಪಡಿಸಿ ಮರಳಿ ಅಂಚೆಗೆ ಹಾಕುವರು. ಹೀಗೆ ನಡೆದ ಸಾಧನೆಯ ಫಲವಾಗಿ ಸ್ನೇಹಿತರೊಬ್ಬರ ಹೊಲದ ಮಣ್ಣಿನಿಂದ ಬೇಕಾದ ಮದ್ದು ದೊರೆಯಿತು. ೧೯೫೦ರಲ್ಲಿ ಅದನ್ನು ಲೋಕಕ್ಕೆ ತಿಳಿಸಿ, ತಮಗೆ ಉದ್ಯೋಗವಿತ್ತ ನ್ಯೂಯಾರ್ಕ್ ಸ್ಟೇಟಿನ ಹೆಸರನ್ನು ಅದರಲ್ಲಿ ಅಡಗಿಸಿ ನಿಸ್ಟಾಟಿನ್ ಎಂದು ಕರೆದರು.

ಇಲ್ಲಿಯೂ ಒಡೆತನದ ಪ್ರಶ್ನೆ ಬಂದಿತು. ಇವರು ಪೇಟೆಂಟಿನ ಹಕ್ಕನ್ನು ರಿಸರ್ಚ್ ಕಾರ್ಪೊರೇಷನ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಗೆ ಒಪ್ಪಿಸಿದರು. ೧೯೫೭ರ ಜೂನ್ ೨೫ರಂದು ಪೇಟೆಂಟು ದೊರೆಯಿತು. ಅದರಲ್ಲಿ ಇಬ್ಬರ ಹೆಸರುಗಳೂ ಶೋಧಕರೆಂದು ಸ್ಪಷ್ಟವಾಗಿ ಅಚ್ಚಾಗಿವೆ. ಸ್ಕ್ವಿಬ್ ಎಂಬ ಕಂಪನಿಯು ಅನುಮತಿ ಪಡೆದು ಮದ್ದನ್ನು ತಯಾರಿಸಿತು. ಪೇಟೆಂಟಿನ ಹದಿನೇಳು ವರ್ಷಗಳು ೧೯೭೪ರಲ್ಲಿ ಮುಗಿಯುವಷ್ಟರಲ್ಲಿ ಬಂದ ರಾಯಧನವು ೧ ಕೋಟಿ ೩೦ ಲಕ್ಷ ಡಾಲರುಗಳಿಗೂ ಮಿಕ್ಕಿತು. ಆ ಹಣದಲ್ಲಿ ಇಬ್ಬರೂ ತಮಗೆಂದು ಏನನ್ನೂ ತೆಗೆದುಕೊಳ್ಳದೆ ಎಲ್ಲವನ್ನೂ ವಿಜ್ಞಾನದ ವ್ಯಾಸಂಗಕ್ಕೂ ಸಂಶೋಧನೆಗೂ ವಿನಿಯೋಗಿಸುವಂತೆ ಏರ್ಪಡಿಸಿದರು. ೧೯೬೬ರಲ್ಲಿ ಇಟಲಿಯ ಫ್ಲಾರೆನ್ಸ್ ನಗರವು ನೆರೆಗೆ ಸಿಕ್ಕಿ ಅಲ್ಲಿನ ಪುರಾತನ ಚಿತ್ರಗಳಿಗೆ ಬೂಷ್ಟು ಹತ್ತಿದಾಗ ಅವುಗಳನ್ನು ಉಳಿಸುವುದಕ್ಕೂ ಈ ಮದ್ದು ನೆರವಾಯಿತು. ಒಡೆತನವನ್ನು ಬಿಟ್ಟುಕೊಡುವುದು ಬೇರೆ, ಹೆಸರನ್ನು ಬಿಟ್ಟುಕೊಡುವುದು ಬೇರೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು.

ಮೂರನೆಯ ಮದ್ದು: ಹ್ಯಾಮೈಸಿನ್

ಈಗ ನಮ್ಮ ನಾಡಿಗೆ ಬರೋಣ. ಮಂಡಯಂ ಜೀರಸನ್ನಿಧಿ ತಿರುಮಲಾಚಾರ್ಯರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಾಸ ಮಾಡಿ, ಬೆಂಗಳೂರಿನಲ್ಲಿದ್ದುಕೊಂಡು ನಮ್ಮ ಸಂಸ್ಥಾನದ ಗಿಡಮರಗಳಿಗೂ ಪೈರುಗಳಿಗೂ ಹತ್ತುವ ತುಕ್ಕುರೋಗ, ಕಾಡಿಗೆರೋಗಗಳ ಶಿಲೀಂಧ್ರಗಳನ್ನು ಶೋಧಿಸುತ್ತ ತಮ್ಮ ಕೆಲಸವನ್ನು ಮೊದಲು ಮಾಡಿದವರು. ಆ ಬಳಿಕ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿಯೂ ವ್ಯಾಸಂಗ ಮಾಡಿದರು. ದಕ್ಷಿಣ ಕನ್ನಡದ ಮುಂಡ್ಕೂರಿನವರೂ, ಭಾರತದ ಸಸ್ಯರೋಗಶಾಸ್ತ್ರ ಸಂಘವನ್ನು ೧೯೪೭ರಲ್ಲಿ ಸ್ಥಾಪಿಸಿದವರೂ ಆದ ಬಿ. ಬಿ. ಮುಂಡ್ಕೂರರೊಡನೆ ಸೇರಿ ಅವರು ಬರೆದ, ಭಾರತದ ಕಾಡಿಗೆರೋಗದ ಶಿಲೀಂಧ್ರಗಳನ್ನು ಕುರಿತ ಗ್ರಂಥವು ೧೯೫೨ರಲ್ಲಿ ಹೊರಬಂದಿತು. ಕನ್ನಡ ನಾಡಿನ ಇಬ್ಬರು ಪಂಡಿತರ ಆ ಕೃತಿಯು ಲೋಕದ ಶಿಲೀಂಧ್ರಶಾಸ್ತ್ರಜ್ಞರಿಗೆಲ್ಲ ಆಧಾರವಾಯಿತು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತವು ಪ್ರತಿಜೈವಿಕಗಳಿಗಾಗಿ ಪರದೇಶಗಳ ಕೈ ಕಾಯಬೇಕಾಗಿತ್ತು. ಈ ಪರಾಧೀನತೆಯನ್ನು ಕಳೆಯುವುದಕ್ಕಾಗಿ ಭಾರತ ಸರ್ಕಾರವು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ ಸಂಸ್ಥೆಗಳ ನೆರವಿನಿಂದ ೧೯೫೪ರಲ್ಲಿ ಪುಣೆಯ ಬಳಿಯ ಪಿಂಪ್ರಿ ಎಂಬಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿತು. ಅಲ್ಲಿ ಪೆನಿಸಿಲಿನ್ ತಯಾರಾಯಿತು. ಪರರು ಕಂಡ ಮದ್ದುಗಳನ್ನು ತಯಾರಿಸುವುದಷ್ಟೇ ಸಾಲದೆಂದು ಸಂಶೋಧನ ವಿಭಾಗವೂ ಏರ್ಪಟ್ಟಿತು. ಆ ವಿಭಾಗದ ಮುಖಂಡರಾದವರು ತಿರುಮಲಾಚಾರ್ಯರು. ಗಿಡಗಳ ಶಿಲೀಂಧ್ರಗಳನ್ನು ಅರಿತವರಿಗೆ ಮನುಷ್ಯರ ಶಿಲೀಂಧ್ರಗಳನ್ನು ಎದುರಿಸುವ ದಾರಿಯು ಹೊಳೆದುದು ಸಹಜವೇ ಸರಿ.

೧೯೬೧ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪಿಂಪ್ರಿಯ ಮಣ್ಣಿನಿಂದ ದೊರೆತ ಸ್ಟ್ರೆಪ್ಟೊಮೈಸಿಸ್ ಜೀವಿಯೊಂದರಿಂದ ಹೊಸ ಮದ್ದನ್ನು ಪಡೆದು ಪ್ರಕಟಿಸಿದರು. ಜೀವಿಗೆ ಊರಿನ ಹೆಸರು ಬಂದು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದಾಯಿತು. ಮದ್ದಿಗೆ ಕಾರ್ಖಾನೆಯ ಹೆಸರಿನ ಎಚ್, ಎ ಎಂಬ ಎರಡು ಮೊದಲಕ್ಷರಗಳು ಸೇರಿ ಹ್ಯಾಮೈಸಿನ್ ಎಂದಾಯಿತು. ಭಾರತದಲ್ಲಿಯೇ ಶೋಧಿಸಿದ ಪ್ರತಿಜೈವಿಕಗಳಲ್ಲಿ ಇದು ಮೊದಮೊದಲಿನದು. ನಿಸ್ಟಾಟಿನ್ನಿನ ಬಳಗಕ್ಕೇ ಸೇರಿದ ಈ ಮದ್ದು ಶಿಲೀಂಧ್ರದ ಜೀವಕೋಶದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ವಸ್ತುವಿಗೆ ಅಂಟಿಕೊಂಡು ಪೊರೆಯನ್ನು ತೂತಾಗಿಸುತ್ತದೆ. ಕೋಶದ ಸಾರವು ಸೋರಿಹೋಗಿ ಶಿಲೀಂಧ್ರವು ಸಾಯುತ್ತದೆ. ಮನುಷ್ಯನ ಜೀವಕೋಶಗಳ ಪೊರೆಯಲ್ಲಿ ಅದರ ಬದಲಿಗೆ ಕೊಲೆಸ್ಟರಾಲ್ ಇರುವುದರಿಂದ ಮದ್ದಿನ ಪೆಟ್ಟು ಹೆಚ್ಚಾಗಿ ಶಿಲೀಂಧ್ರಕ್ಕೇ ಬೀಳುತ್ತದೆ. ಅದೇ ಪ್ರಯೋಗಶಾಲೆಯಿಂದ ಚರ್ಮದ ರೋಗಗಳಿಗೆ ಡರ್ಮೊಸ್ಟಾಟಿನ್ ಎಂಬುದೂ, ಪೈರುಗಳ ಶಿಲೀಂಧ್ರರೋಗಗಳಿಗೆ ಆರಿಯೊಫಂಜಿನ್ ಎಂಬುದೂ ಹೊರಬಂದವು. ತಿರುಮಲಾಚಾರ್ಯರಿಗೆ ಶಾಂತಿಸ್ವರೂಪ ಭಟ್ನಾಗರ್ ಬಹುಮಾನವೂ ದೊರೆಯಿತು.

೧೯೬೬ರಲ್ಲಿ ಹ್ಯಾಮೈಸಿನ್ನಿಗೂ ಅದನ್ನು ತಯಾರಿಸುವ ವಿಧಾನಕ್ಕೂ ಅಮೆರಿಕದ ಪೇಟೆಂಟು ದೊರೆಯಿತು. ಅದರಲ್ಲಿ ಶೋಧಕರ ಸ್ಥಾನದಲ್ಲಿ ತಿರುಮಲಾಚಾರ್ಯರ ಹೆಸರೂ, ಒಡೆಯರ ಸ್ಥಾನದಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆಯ ಹೆಸರೂ ಇವೆ. ಆ ಕಾರ್ಖಾನೆಯು ಭಾರತ ಸರ್ಕಾರದ ಸ್ವತ್ತು. ಆದುದರಿಂದ ಸರಪಳಿಯ ಕೊನೆಯ ಕೊಂಡಿಯನ್ನು ಹಿಡಿದು ನೋಡಿದರೆ ಈ ಮದ್ದಿನ ಒಡೆಯರು ಈ ದೇಶದ ಪ್ರಜೆಗಳೆಂದೇ ಹೇಳಬೇಕು. ಮೊದಲನೆಯ ಮದ್ದಿನ ಒಡೆತನ ವಿದ್ಯಾಪೀಠದ ನಿಧಿಗೂ, ಎರಡನೆಯದರ ಒಡೆತನ ಧರ್ಮಾರ್ಥ ಸಂಸ್ಥೆಗೂ ಸೇರಿದಂತೆ, ಮೂರನೆಯದರ ಒಡೆತನ ಸಾರ್ವಜನಿಕ ಕಾರ್ಖಾನೆಗೆ ಸೇರಿತು. ಮೂರರಲ್ಲಿಯೂ ಶೋಧಕರ ಕೈಯಲ್ಲಿ ಉಳಿದುದು ಹೆಸರೊಂದೇ. ಹೆಸರಿಗೆ ಇಷ್ಟು ಬೆಲೆಯಿರುವುದು ಇದಕ್ಕಾಗಿಯೇ.

ಪೂರ್ವದಿಂದ ತಿಳಿದ ಮದ್ದುಗಳ ಮಾತು

ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಮದ್ದಿನ ಮಾತು ಇದಾಯಿತು. ಯಾರು ಕಂಡುಹಿಡಿದರೆಂಬುದೇ ಗೊತ್ತಿಲ್ಲದೆ ತಲೆತಲಾಂತರದಿಂದ ಬಳಕೆಯಲ್ಲಿರುವ ಮದ್ದಿನ ಗತಿಯೇನು? ಗಾಯಕ್ಕೆ ಅರಿಸಿನ ಹಚ್ಚುವುದನ್ನು ನಮ್ಮ ತಾಯಂದಿರಿಗೆ ಯಾವ ಪ್ರಯೋಗಶಾಲೆಯೂ ಕಲಿಸಲಿಲ್ಲ. ಹೀಗಿದ್ದರೂ ೧೯೯೫ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯವನ್ನು ಅರಿಸಿನದಿಂದ ಮಾಯಿಸುವ ವಿಧಾನದ ಮೇಲೆ ಪೇಟೆಂಟು ದೊರೆಯಿತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತು ಇದನ್ನು ಪ್ರತಿಭಟಿಸಿ, ಸಂಸ್ಕೃತ ಮತ್ತು ಉರ್ದು ಗ್ರಂಥಗಳನ್ನೂ, ೧೯೫೩ರ ಭಾರತೀಯ ವೈದ್ಯಪತ್ರಿಕೆಯೊಂದರ ಲೇಖನವನ್ನೂ ಸಾಕ್ಷ್ಯವಾಗಿ ಒಪ್ಪಿಸಿತು. ಇದು ಹೊಸದಲ್ಲವೆಂಬುದು ಸಿದ್ಧವಾಗಲು ೧೯೯೭ರಲ್ಲಿ ಪೇಟೆಂಟು ರದ್ದಾಯಿತು. ಪರಂಪರೆಯಿಂದ ತಿಳಿದ ವಿಷಯಕ್ಕೆ ಪೇಟೆಂಟಿಲ್ಲವೆಂದು ಈಗ ಭಾರತದ ಕಾಯಿದೆಯೂ ಹೇಳುತ್ತದೆ.

ಇಲ್ಲಿ ಗಮನಿಸಬೇಕಾದುದೊಂದುಂಟು. ಅರಿಸಿನವನ್ನು ಉಳಿಸಿದುದು ಬರೆದಿಟ್ಟ ಸಾಕ್ಷ್ಯ. ಅಮೆರಿಕದಲ್ಲಿ ಅಂದಿನ ವಿಚಾರಣೆಯು ನಡೆದುದು ಅಚ್ಚಾದ ಬರಹಗಳ ಆಧಾರದ ಮೇಲೆ. ಮನೆಮನೆಯ ಬಳಕೆಯು ಎಷ್ಟೇ ಹಳೆಯದಾದರೂ ಬರಹವಿಲ್ಲದಿದ್ದರೆ ಸಾಲದಾಗುತ್ತಿತ್ತು. ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನಲ್ಲಿ ವಾಸಿಸುವ ಜೇನುಕುರುಬರೂ ಬೆಟ್ಟಕುರುಬರೂ ಅರಿತಿರುವ ಬೇರು, ತೊಗಟೆ, ಸೊಪ್ಪುಗಳ ಗುಣವು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದುದು. ೨೦೦೨ರ ಜೀವವೈವಿಧ್ಯ ಕಾಯಿದೆಯು ಸ್ಥಳೀಯ ಸಂಸ್ಥೆಗಳಲ್ಲಿ ಸಮಿತಿಗಳನ್ನು ಏರ್ಪಡಿಸಿ, ಇಂತಹ ತಿಳಿವಳಿಕೆಯನ್ನು ಜನರಿಂದಲೇ ಕೇಳಿ ದಾಖಲೆ ಪುಸ್ತಕದಲ್ಲಿ ಬರೆಯಿಸಬೇಕೆಂದು ವಿಧಿಸಿದೆ. ಮನೆಯ ಹಿರಿಯರಿಂದ ಒಂದು ಗಿಡದ ಹೆಸರನ್ನೂ ಅದರ ಉಪಯೋಗವನ್ನೂ ಕೇಳಿ, ಹೇಳಿದವರ ಹೆಸರಿನೊಡನೆ ಬರೆದಿಡುವ ಬಾಲಿಕೆಯು ದೊಡ್ಡದೊಂದು ಆಸ್ತಿಗೆ ಬೇಲಿ ಕಟ್ಟಿದಂತೆಯೇ ಸರಿ. ಆದರೆ ಹೇಳುವವರ ಒಪ್ಪಿಗೆಯಿಲ್ಲದೆ ಅದನ್ನು ಪರರಿಗೆ ಕೊಡಲಾಗದು.

ಒಡೆತನವನ್ನು ಹುಡುಕುವ ಕ್ರಮ

ಯಾವುದೇ ಮದ್ದಿನ ಒಡೆತನವನ್ನು ತಿಳಿಯಬಯಸುವವರು ಮೊದಲು ಪೇಟೆಂಟಿನ ಮುಖಪುಟವನ್ನು ನೋಡಬೇಕು. ಅಲ್ಲಿ ಅರ್ಜಿಯ ತಾರೀಖು, ಶೋಧಕರ ಹೆಸರು, ಅರ್ಜಿದಾರರ ಅಥವಾ ಒಡೆಯರ ಹೆಸರು ಬೇರೆಬೇರೆಯಾಗಿರುತ್ತವೆ. ಎರಡನೆಯದಾಗಿ, ಶೋಧಕರಿಂದ ಒಡೆಯರಿಗೆ ಹಕ್ಕು ಯಾವ ಬರಹದಿಂದ ಬಂದಿತೆಂಬುದನ್ನು ನೋಡಬೇಕು. ನಮ್ಮ ಕಾಯಿದೆಯಂತೆ ಬರಹವಿಲ್ಲದ ವರ್ಗಾವಣೆಗೆ ಬೆಲೆಯಿಲ್ಲ. ಮೂರನೆಯದಾಗಿ, ಶೋಧಕರು ಯಾರ ಸಂಬಳದಲ್ಲಿದ್ದರು, ಪ್ರಯೋಗಶಾಲೆಗೆ ಹಣ ಕೊಟ್ಟವರು ಯಾರು, ಅವರೊಡನೆ ಮೊದಲೇ ಆದ ಒಪ್ಪಂದವೇನು ಎಂಬುದನ್ನು ವಿಚಾರಿಸಬೇಕು. ನಾಲ್ಕನೆಯದಾಗಿ, ತಯಾರಿಸುವ ಅನುಮತಿ ಯಾರಿಗೆ ಸಿಕ್ಕಿತು, ರಾಯಧನವು ಯಾರ ಕೈಸೇರಿತು ಎಂಬುದನ್ನು ತಿಳಿಯಬೇಕು. ಕೊನೆಯದಾಗಿ, ಅವಧಿಯು ಎಂದು ಮುಗಿಯಿತೆಂಬುದನ್ನು ಲೆಕ್ಕ ಹಾಕಬೇಕು. ಈ ಪತ್ರಗಳು ಗುಪ್ತವಲ್ಲ. ಪ್ರಕಟವಾದ ಪೇಟೆಂಟುಗಳನ್ನು ಇಂದು ಯಾರು ಬೇಕಾದರೂ ಗಣಕಯಂತ್ರದ ಮೂಲಕ ಹಣವಿಲ್ಲದೆ ಓದಬಹುದು. ಕರ್ನಾಟಕದ ಅರ್ಜಿಗಳು ಸೇರುವುದು ಚೆನ್ನೈಯಲ್ಲಿರುವ ಪೇಟೆಂಟ್ ಕಚೇರಿಗೆ.

ಈ ಶಾಲೆಯಿಂದ ಹೊರಟು ಮುಂದೆ ಪ್ರಯೋಗಶಾಲೆಗಳನ್ನು ಸೇರುವ ಬಾಲಿಕೆಯರು ಇನ್ನು ಮೂರು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮಾಡಿದ ಕೆಲಸವನ್ನು ಅದೇ ದಿನ, ತಾರೀಖು ಹಾಕಿ, ಹಾಳೆ ಕೀಳದ ಪುಸ್ತಕದಲ್ಲಿ ಬರೆದು ಸಹಿಮಾಡಬೇಕು. ಶಾಟ್ಜ್‌ರ ಮಾತಿಗೆ ಆಧಾರವಾಗಿ ನಿಂತುದು ಅವರ ದಿನಚರಿಯೇ. ಸಹಿಗೆಂದು ಮುಂದಿಟ್ಟ ಕಾಗದವನ್ನು ಪೂರ್ತಿ ಓದದೆ, ತಿಳಿಯದುದನ್ನು ಕೇಳದೆ, ಸಹಿಮಾಡಬಾರದು. ಶೋಧಕರ ಹೆಸರನ್ನು ಪೇಟೆಂಟಿನಲ್ಲಿ ನಮೂದಿಸಬೇಕೆಂದು ಕೇಳಲು ನಮ್ಮ ದೇಶದ ೧೯೭೦ರ ಕಾಯಿದೆಯ ೨೮ನೆಯ ಕಲಮಿನಲ್ಲಿ ಅವಕಾಶವಿದೆ; ಅಂತಹ ಸಂದರ್ಭದಲ್ಲಿ ಸಂಕೋಚವು ವಿನಯವೆನಿಸದು. ಹೇಜನ್ ಮತ್ತು ಬ್ರೌನ್‌ರಂತೆ ಹಣವನ್ನು ಲೋಕಕ್ಕೆ ಬಿಟ್ಟುಕೊಡುವ ಮನಸ್ಸು ಇದ್ದರೆ ಅದು ಶ್ಲಾಘ್ಯವೇ. ಆದರೆ ಬಿಟ್ಟುಕೊಡುವುದಕ್ಕೆ ಮೊದಲು ಅದು ತಮ್ಮದೆಂಬುದು ಕಾಗದದಲ್ಲಿ ಇರಬೇಕು.